ಲಾರಿಯಲ್ಲಿ ಆರುನೂರು ಸಸಿ

ನಸುಕಿಗೇ ಬಿಟ್ಟಿದ್ದೆ ಮೂಡಣ ಬೆಟ್ಟ,
ಹಿಂದೆ ಟಾರ್ಪಾಲಿನಡಿ ಆರುನೂರು ಸಸಿ:
ಮೊಲದ ಕಿವಿಯಂಥ ಎಲೆ, ಮೇಲೆ ಬೂದು ತುಪ್ಪುಳ,
ಕರಿ ಚೀಲದ ತುಂಬ ಕರಿ ಮಣ್ಣು.
ರಸೀದಿಯಲ್ಲಿ ಬರೆದಿತ್ತು: ಫ್ರಾಯ್ಲೆಹೋನ್,
ಪಡುವಣ ಬೆಟ್ಟದ ಸುಟ್ಟ ಇಳಿಜಾರಿಗೆ.
ಬಾಡಿಗೆ ಅರ್ಧ ಮುಂಗಡ, ಅರ್ಧ ಇಳಿಸಿದ ಮೇಲೆ.

ಇಳಿದೆ. ಈರುಳ್ಳಿ ಹೊಲ, ಗೋಧಿ ಹೊಲ, ಪೀಚ್ ತೋಟ;
ಕಣಿವೆಯ ತಳದಲ್ಲಿ ಸ್ವೆಟರ್ ಬಿಚ್ಚಿದೆ.
ಅಲ್ಲೊಂದು ಹುರಿದ ಮೀನಿನಂಗಡಿ,
ಎದುರಿಗೆ ಪ್ಲಾಸ್ಟಿಕ್ ಮನೆಗಳಲ್ಲಿ ಕಾರ್ನೇಷನ್,
ವಿಮಾನ ಹತ್ತಲು ಸಾಲು ನಿಂತ ಒಂದೇ ಮುಖದ ಹೂಗಳು.
ನನ್ನ ಸಸಿಗಳು ಸೆಖೆಗೆ ಕಿವಿ ಇಳಿಬಿಟ್ಟಿದ್ದವು;
ನೀರು ಚಿಮುಕಿಸಿದೆ. ಮತ್ತೆ ಪೀಚ್, ಗೋಧಿ, ಈರುಳ್ಳಿ,
ಮತ್ತೆ ಸ್ವೆಟರ್. ಒಟ್ಟು ನಾಲ್ಕು ಗಂಟೆಯ ಹಾದಿ.

ಸಸಿಮನೆಯಿಂದ ಬಂದಳು ಎರ್ಮಿಂಡಾ, ಮೊಣಕೈವರೆಗೂ ಮಣ್ಣು.
ಅಂಗಡಿಯಲ್ಲಿ ಬಟ್ಟೆ ನೋಡುವವರ ಹಾಗೆ
ಒಂದೆಲೆಯನ್ನು ಬೆರಳಲ್ಲಿ ಉಜ್ಜಿದಳು, ಮೂಸಿದಳು.
"ಯಾರ ಮನೆಯವು ಇವು?"
"ಫ್ರಾಯ್ಲೆಹೋನ್ ತಾನೇ, ತಾಯಿ?"
"ಹೌದು. ನಮ್ಮವಲ್ಲ."

ಆಚೆ ತೋರಿಸಿದಳು: ಬೊಯಾಕಾದ ಮಂಜಿನೊಳಗೆ
ಆಳೆತ್ತರ ನಿಂತಿದ್ದವು ಅವಳವು,
ಹೆಸರಿಗೆ ತಕ್ಕ ಸನ್ಯಾಸಿಗಳು,
ಸತ್ತ ಎಲೆಗಳನ್ನೇ ಕಂಬಳಿಯಾಗಿ ಹೊದ್ದು
ವರ್ಷಕ್ಕೊಂದು ಬೆರಳಗಲ ಬೆಳೆದು.
ಎಲೆ ಕೊಂಚ ಕಿರಿದು. ಹಳದಿ ಹೂ ತಲೆ ತಗ್ಗಿಸಿದ್ದು;
ಆ ಬೆಟ್ಟದವು ಮುಖ ಎತ್ತಿ ಅರಳುತ್ತವಂತೆ.
ಇಷ್ಟಕ್ಕೇನಾ, ಎಂದೆ.
ಇಷ್ಟಾಗಲು ಎಷ್ಟು ಕಾಲ ಗೊತ್ತಾ, ಎಂದಳು.

ಕೆರೆಯ ಕೆಸರನ್ನು ಕೊಳವೆಯಲ್ಲಿ ತುಂಬಿಕೊಂಡು ಹೋದ
ಹುಡುಗಿಯೊಬ್ಬಳು ಹೇಳಿದ್ದಂತೆ:
ಹಿಂದೊಮ್ಮೆ ಚಳಿ ಈ ಕಣಿವೆಗೂ ಇಳಿದಿತ್ತು,
ಈ ಬೆಟ್ಟ ಆ ಬೆಟ್ಟ ಒಂದೇ ಬಯಲು, ಒಂದೇ ಒಕ್ಕಲು.
ಆಮೇಲೆ ಬಿಸುಪು ಕೆಳಗಿನಿಂದ ಉಕ್ಕುತ್ತ ಬಂತು.
ನೆರೆ ಬಂದಾಗ ದಿಬ್ಬ ಹತ್ತುವವರಂತೆ
ಇವು ಹತ್ತಿದವು, ತಲೆಮಾರಿಗೊಂದು ಹೆಜ್ಜೆ,
ಕೆಲವು ಅತ್ತ, ಕೆಲವು ಇತ್ತ.
ಸೂರ್ಯಕಾಂತಿಯ ಬಳಗವೇ. ಆ ಬಳಗದ ಎಷ್ಟೋ ಬೀಜಕ್ಕೆ
ಗಾಳಿ ಹಿಡಿಯುವ ತುರಾಯಿ ಉಂಟು; ಇವಕ್ಕಿಲ್ಲ,
ತಾಯ ಬುಡಕ್ಕೇ ಉದುರುತ್ತವೆ.
ದುಂಬಿಗೂ ಕಣಿವೆ ದಾಟುವಷ್ಟು ಹಸಿವಿಲ್ಲ.
ಜಗಳವಿಲ್ಲ, ಬೇಲಿಯಿಲ್ಲ, ಪಾಲುಪಟ್ಟಿಯಿಲ್ಲ.
ಬರೀ ಭೇಟಿಯಿಲ್ಲ.
ಅಷ್ಟರಲ್ಲೇ ಬೇರೆ ಮುಖ, ಬೇರೆ ತುಪ್ಪುಳ, ಬೇರೆ ಹೆಸರು.

"ಈಗ ಸೇರಿದರೆ ಕೆಡುಕೇನು?"
ಕೇಳಿದ್ದು ನಾನಲ್ಲ, ನನ್ನ ಅರ್ಧ ಬಾಡಿಗೆ.
"ಸೇರುತ್ತವೆ. ಅದಕ್ಕೇ ಬೇಡ.
ಈ ಹೂ ಇರುವುದು ಈ ಒಂದು ಬೆಟ್ಟದಲ್ಲಿ."

ಒಳಗಿಂದ ಕುಸ್ತೋದಿಯೊ ಬಿಸಿ ಬೆಲ್ಲದ ನೀರು ತಂದ.
ನಲವತ್ತು ವರ್ಷದ ಹಿಂದೆ ಹೇಸರಗತ್ತೆ ಹತ್ತಿ
ಆ ಬೆಟ್ಟದಿಂದ ಬಂದವನು. ಮಂಜಿಗೆ ಅವನದು
ಇನ್ನೂ ಅಲ್ಲಿನ ಮಾತೇ; ಅವಳು ತಿದ್ದುತ್ತಲೇ ಇದ್ದಾಳೆ.
"ನನ್ನನ್ನು ಮಾತ್ರ ಹೇಗೆ ಇಳಿಸಿಕೊಂಡೆ?" ಎಂದ.
"ನಿನಗೆ ರಸೀದಿ ಇರಲಿಲ್ಲ."
ನಕ್ಕ. ಟಾರ್ಪಾಲು ಎತ್ತಿ ಒಂದೇ ಒಂದು ಎಲೆ ಕಿತ್ತು
ಬೂಟಿನೊಳಗೆ, ಅಂಗಾಲಿನಡಿ ಇಟ್ಟುಕೊಂಡ.
ಬೆಚ್ಚಗಿರುತ್ತೆ, ಎಂದ, ಯಾರೂ ಕೇಳದಿದ್ದರೂ.

ವಾಪಸ್ಸು. ಕಣಿವೆಯ ತಳ ಮುಟ್ಟುವಾಗ ಇರುಳು.
ಮೀನಿನಂಗಡಿ ಮುಚ್ಚಿತ್ತು, ನಾಯಿ ಮಲಗಿತ್ತು.
ಮತ್ತೆ ನೀರು ಚಿಮುಕಿಸಲು ನಿಂತೆ.
ಇಲ್ಲೇ, ಈ ಎಣ್ಣೆ ಜಿಡ್ಡಿನ ಅಂಗಳದಲ್ಲೇ,
ಇವುಗಳ ಅಜ್ಜಿ, ಅವುಗಳ ಅಜ್ಜಿ
ಒಬ್ಬಳೇ ಆಗಿ ನಿಂತಿದ್ದಳೇನೋ ಮಂಜಿನಲ್ಲಿ.
ಟಾರ್ಚು ಬಿಟ್ಟು ನೋಡಿದೆ:
ಆರುನೂರೂ ಕಿವಿ ಇಳಿಬಿಟ್ಟು ಸುಮ್ಮನಿದ್ದವು.
ಇಲ್ಲೀಗ ಇವಕ್ಕೆ ಸೆಖೆ.
ಗೇರು ಹಾಕಿದೆ.